ಗಂಡಿರುವೆಯ ಗುರುತು



ಈ ಸಲ ಬರೆಯಹೊರಟಿರುವುದು ಒಂದು ಹುಳುವಿನ ಚರಿತ್ರೆ. ಅದರೊಳಗೆ ನನ್ನದೊಂದು ತಪ್ಪಿನ ಚರಿತ್ರೆಯೂ ಸೇರಿಕೊಂಡಿದೆ. ಎರಡನ್ನೂ ಬೇರ್ಪಡಿಸಿ ಹೇಳಲು ಆಗದ್ದರಿಂದ ಒಟ್ಟಿಗೇ ಹೇಳುತ್ತೇನೆ.

1976ರ ಜೂನ್ ತಿಂಗಳು. ಹಳದೀಪುರದಲ್ಲಿ ನಾನಿದ್ದ ಬಾಡಿಗೆ ಮನೆಯ ಜಗಲಿಗೆ ಸಂಜೆಯ ಹೊತ್ತು ನಾಲ್ಕಾರು ಹುಡುಗರು ಲೆಕ್ಕ ಕಲಿಯಲು ಬರುತ್ತಿದ್ದರು. ಮೃಗಶಿರಾ ಮಳೆ ಹಿಡಿದು ಎರಡು ದಿನವಾಗಿತ್ತು. ಮಳೆ ಕೊಂಚ ಹೊಳವಾದೊಡನೆ ದೀಪದ ಸುತ್ತ ಹಾತೆಗಳು ಮುತ್ತಿಕೊಂಡವು. ಒರಲೆಯ ಹಾತೆಗಳು ರೆಕ್ಕೆ ಉದುರಿಸಿ ಸಾಲುಗಟ್ಟಿ ಹರಿದಾಡತೊಡಗಿದವು. ಗೋಡೆಯ ಮೇಲಿನ ಹಲ್ಲಿಗಳಿಗೆ ಹಬ್ಬ. ಅಷ್ಟರಲ್ಲಿ ದೊಡ್ಡದೊಂದು ಹುಳು ಬಂದು ದೀಪದ ಗಾಜಿಗೆ ಬಡಿದು, ಪಟ್ಟೆಂದು ಬೈಂಡು ಪುಸ್ತಕದ ಮೇಲೆ ಬಿತ್ತು. ಸುಮಾರು ಒಂದು ಅಂಗುಲ ಉದ್ದ, ಜೇನುಬೆಲ್ಲದ ಬಣ್ಣ, ಮೈತುಂಬ ನವಿರಾದ ಹೊಂಬಣ್ಣದ ರೋಮ, ಕೊಳವೆಯಂಥ ಉದ್ದನೆಯ ಹೊಟ್ಟೆ. ಹುಡುಗರು ಎದ್ದು ದೂರ ಸರಿದರು. ನಾನು ಗಂಭೀರವಾಗಿ, “ಹೆದರಬೇಡಿ, ಮುಟ್ಟಬೇಡಿ, ಅದೊಂದು ಜಾತಿಯ ಕಣಜ” ಎಂದೆ.

ಹಿಂದೆ ಕುಳಿತಿದ್ದ ಒಬ್ಬ ಹುಡುಗ ಮಾತ್ರ ದೂರ ಸರಿದಿರಲಿಲ್ಲ. “ಅಲ್ಲ ಮಾಸ್ತರ್ರೇ, ಅದು ಇರುವೆ” ಎಂದ.

ಉಳಿದವರು ನಕ್ಕರು. ಅವನ ಮನೆಯವರು ಬತ್ತದ ಕೊಯ್ಲಾದ ಮೇಲೆ ಮರಳುಮಣ್ಣಿನ ಗದ್ದೆಯಲ್ಲಿ ಶೇಂಗಾ ಬೆಳೆಯುತ್ತಿದ್ದರು. ಆ ಬೇಸಿಗೆಯಲ್ಲಿ ಶೇಂಗಾ ಕೀಳುವಾಗ ಮಣ್ಣಿನಡಿಯಲ್ಲಿ ಸಣ್ಣ ಕೆಂಪಿರುವೆಗಳ ಹಿಂಡು ಸಿಕ್ಕಿತ್ತಂತೆ. ಕಾಯಿಯ ಸಿಪ್ಪೆಗೆ ತೂತು ಕೊರೆದು ಒಳಗಿನ ಬೀಜ ತಿನ್ನುವ ಇರುವೆಗಳವು. ಆ ಹಿಂಡಿನ ನಡುವೆ ಇಂಥದೇ ಹುಳುಗಳು ಎರಡೋ ಮೂರೋ ಇದ್ದವಂತೆ. “ಇರುವೆ ಅದಕ್ಕೆ ಕಚ್ಚೂದೇ ಇಲ್ಲ ಮಾಸ್ತರ್ರೇ, ಅದರ ಮೈಮೇಲೇ ಹತ್ತಿ ಇಳೀತಿದ್ವು” ಎಂದು ಅವನು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಅದಕ್ಕೆ ನಾನು ಕೊಟ್ಟ ಉತ್ತರವೂ ನೆನಪಿದೆ. ಇರುವೆಯ ಕುಡಿಮೀಸೆ ಮೊಣಕೈಯಂತೆ ಬಾಗಿರುತ್ತದೆ, ಸೊಂಟ ಸೂಜಿಯಂತೆ ಸಣ್ಣಗಿರುತ್ತದೆ, ಇದಕ್ಕೆ ಎರಡೂ ಇಲ್ಲ; ಆದಕಾರಣ ಇದು ಇರುವೆಯಲ್ಲ; ಕಂಡದ್ದನ್ನೆಲ್ಲ ಹೇಳುವ ಮೊದಲು ಪುಸ್ತಕ ಓದುವುದನ್ನು ಕಲಿ. ಹುಳುವನ್ನು ಕಾಗದದಲ್ಲಿ ಎತ್ತಿ ಅಂಗಳಕ್ಕೆ ಎಸೆದೆ. ಆ ವರ್ಷವಿಡೀ ಉಳಿದ ಹುಡುಗರು ಅವನನ್ನು ‘ಇರುವೆ’ ಎಂದೇ ಕರೆದರು. ಅವನು ಮುಂದೆ ನನ್ನಲ್ಲಿ ಪ್ರಶ್ನೆ ಕೇಳಲಿಲ್ಲ. ಲೆಕ್ಕದಲ್ಲಿ ಪಾಸಾದ, ಊರಿನಲ್ಲೇ ಉಳಿದ.

ಅದು ಇರುವೆಯೇ ಆಗಿತ್ತು. ಡೋರೈಲಸ್ ಎಂಬ ಕುಲದ ಗಂಡಿರುವೆ. ಇದು ನನಗೆ ತಿಳಿದದ್ದು ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಮಗಳ ಮನೆಯಲ್ಲಿ ಕುಳಿತು ಗಣಕಯಂತ್ರದ ಪರದೆಯ ಮೇಲೆ ಹಳೆಯ ಪುಸ್ತಕಗಳ ಪ್ರತಿಗಳನ್ನು ತಿರುವಿಹಾಕುತ್ತಿದ್ದಾಗ. ಓದಿದ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನೀವು ನಗಬಹುದು. ಆದರೆ ಆ ಹುಡುಗ ಮುಂದಿಟ್ಟಿದ್ದ ಸಾಕ್ಷ್ಯ ಎಂಥದೆಂಬುದು ಮುಂದಿನ ಕಥೆಯನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಮೊದಲು ಗಂಡಿರುವೆ ಎಂದರೇನೆಂದು ಹೇಳಬೇಕು. ನಾವು ದಿನವೂ ನೋಡುವ ಇರುವೆಗಳೆಲ್ಲ ಹೆಣ್ಣುಗಳೇ. ಸಕ್ಕರೆ ಡಬ್ಬಕ್ಕೆ ಮುತ್ತುವ ಇರುವೆ, ಮಾವಿನ ಎಲೆ ಹೊಲಿದು ಗೂಡು ಕಟ್ಟುವ ಚಗಳಿ, ಅಂಗಳದಲ್ಲಿ ಓಡಾಡುವ ಕಪ್ಪು ಗೊದ್ದ ಎಲ್ಲವೂ ಮೊಟ್ಟೆಯಿಡುವ ಹೊಣೆಯಿಲ್ಲದ ಕೆಲಸಗಾರ ಹೆಣ್ಣುಗಳು. ಗಂಡು ಹುಟ್ಟುವುದು ವರ್ಷದ ಕೆಲವು ದಿನಗಳಲ್ಲಿ ಮಾತ್ರ. ಅದು ಗೂಡಿಗೆ ಆಹಾರ ತರುವುದಿಲ್ಲ, ಕಾವಲು ಕಾಯುವುದಿಲ್ಲ. ರೆಕ್ಕೆ ಬಲಿತ ಮೇಲೆ ಒಂದು ದಿನ ಹಾರಿ ಹೋಗುತ್ತದೆ, ಕೂಡುತ್ತದೆ, ಸಾಯುತ್ತದೆ. ಅದು ಹುಟ್ಟುವ ಬಗೆ ಇನ್ನೂ ವಿಚಿತ್ರ. ಫಲಿತವಾಗದ ಮೊಟ್ಟೆಯಿಂದ ಗಂಡು, ಫಲಿತವಾದ ಮೊಟ್ಟೆಯಿಂದ ಹೆಣ್ಣು. ಜೇನುಹುಳುಗಳಲ್ಲಿ ಹೀಗಾಗುತ್ತದೆಂದು ಮೊದಲು ಹೇಳಿದವರು ಸೈಲೀಷಿಯಾ ಪ್ರಾಂತದ ಪಾದ್ರಿ ಯೊಹಾನ್ ಜಿಯೆರ್ಜೋನ್, 1845ರಲ್ಲಿ. ಇರುವೆಗಳದೂ ಅದೇ ಬಗೆ. ಹಾಗಾಗಿ ಗಂಡಿರುವೆಗೆ ತಂದೆಯಿಲ್ಲ, ತಾಯಿಯ ಕಡೆಯ ಅಜ್ಜನುಂಟು. ಶ್ರಾದ್ಧ ಮಾಡಬೇಕಾದರೆ ಪಿಂಡದ ಲೆಕ್ಕ ಹಾಕಲು ನಮ್ಮ ಭಟ್ಟರು ಬಹಳ ತಿಣುಕಬೇಕಾದೀತು.

ಗಂಡು ತನ್ನ ಅಕ್ಕತಂಗಿಯರನ್ನು ಹೋಲುವುದೂ ಇಲ್ಲ. ತಲೆ ಚಿಕ್ಕದು, ಕಣ್ಣು ದೊಡ್ಡದು. ನೆತ್ತಿಯ ಮೇಲೆ ಹೊಳೆಯುವ ಮೂರು ಚುಕ್ಕೆಗಣ್ಣುಗಳು. ರೆಕ್ಕೆಯ ಸ್ನಾಯುಗಳು ಕುಳಿತಿರುವುದರಿಂದ ಎದೆ ಉಬ್ಬಿ ಗೂನಿನಂತೆ ಕಾಣುತ್ತದೆ. ಬಹುಪಾಲು ಗಂಡುಗಳ ದವಡೆ ಕೃಶವಾದದ್ದು, ಕೆಲಸಕ್ಕೆ ಬಾರದ್ದು. ಕುಡಿಮೀಸೆಯ ಬುಡದ ಗೆಣ್ಣು ಮೋಟಾಗಿರುವುದರಿಂದ ಪುಸ್ತಕ ಹೇಳುವ ಆ ಮೊಣಕೈ ಬಾಗು ಅಷ್ಟಾಗಿ ಎದ್ದು ಕಾಣುವುದಿಲ್ಲ. ನಾನು ಎಡವಿದ್ದು ಅಲ್ಲಿಯೇ. ಆದರೆ ಗೆಣ್ಣುಗಳನ್ನು ಎಣಿಸಿದರೆ ಗುಟ್ಟು ಹೊರಬೀಳುತ್ತದೆ. ಹೆಚ್ಚಿನ ಇರುವೆಗಳಲ್ಲಿ ಹೆಣ್ಣಿಗೆ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ, ಗಂಡಿಗೆ ಹದಿಮೂರು. ಬಾಲದ ತುದಿಯಲ್ಲಿ ಕೊಂಡಿಯ ಬದಲು ಕೂಡುವಾಗ ಹಿಡಿದುಕೊಳ್ಳುವ ಇಕ್ಕುಳ. ಕೊಂಡಿಯೆಂಬುದು ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆದದ್ದು. ಗಂಡಿಗೆ ಅದು ಇರಲು ಸಾಧ್ಯವಿಲ್ಲ. ಅಂದು ನನ್ನ ಹುಡುಗರು ಹೆದರಿ ದೂರ ಸರಿದದ್ದು ಕಚ್ಚಲು ಕೊಂಡಿಯೇ ಇಲ್ಲದ ಪ್ರಾಣಿಗೆ.

ಒರಲೆಯ ಹಾತೆಯನ್ನು ಇರುವೆಯಿಂದ ಬೇರ್ಪಡಿಸುವುದು ಸುಲಭ. ಒರಲೆಗೆ ನಾಲ್ಕು ರೆಕ್ಕೆಗಳೂ ಸಮನಾದವು, ಸೊಂಟವೆಂಬುದಿಲ್ಲ, ಕುಡಿಮೀಸೆ ಮಣಿಸರದಂತೆ. ಇರುವೆಗೆ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ನಡುವೆ ಸೊಂಟದ ಗಂಟು. ಕಷ್ಟವಿರುವುದು ಇರುವೆಯನ್ನು ಕಣಜದಿಂದ ಬೇರ್ಪಡಿಸುವಲ್ಲಿ, ಅದರಲ್ಲೂ ಡೋರೈಲಸ್ ಗಂಡಿನಲ್ಲಿ. ಆ ಗಂಡಿನ ಸೊಂಟದ ಗಂಟು ತೋರವಾದ್ದರಿಂದ ಹೊಟ್ಟೆಯ ಮೊದಲ ಭಾಗವೇ ಅದೆಂಬಂತೆ ತೋರುತ್ತದೆ. ಉಳಿದ ಗಂಡುಗಳಂತಲ್ಲದೆ ಇದಕ್ಕೆ ಕುಡುಗೋಲಿನಂಥ ನೀಳ ದವಡೆ. ಹೊಟ್ಟೆಯ ತುದಿಯ ಕೆಳಗಡೆ ಕವಲೊಡೆದ ಒಂದು ತಟ್ಟೆ. ಕಾಲುಗಳು ಮೋಟು, ತೊಡೆಗಳು ಚಪ್ಪಟೆ. ಅದೇ ಗೂಡಿನ ಕೆಲಸಗಾರ ಇರುವೆಯಾದರೋ ಅಕ್ಕಿಕಾಳಿನಷ್ಟು ಗಾತ್ರದ್ದು, ರೆಕ್ಕೆಯಿಲ್ಲ, ಕಣ್ಣೂ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಇವು ಒಡಹುಟ್ಟಿದವರು ಎಂದರೆ ಯಾವ ಮಾಸ್ತರರೂ ಒಪ್ಪುವುದು ಕಷ್ಟ.

ಮಾಸ್ತರರ ಮಾತಂತಿರಲಿ, ಲಿನಿಯಸನೇ ಒಪ್ಪಲಿಲ್ಲ. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಆ ಮಹಾನುಭಾವ 1764ರಲ್ಲಿ ಸ್ವೀಡನ್ನಿನ ರಾಣಿ ಲೋವೀಸಾ ಉಲ್ರಿಕಾಳ ಸಂಗ್ರಹದ ವರ್ಣನೆಯನ್ನು ಪ್ರಕಟಿಸಿದ. ಅದರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಒಂದು ಹೊಂಬಣ್ಣದ ಹುಳುವಿಗೆ ‘ವೆಸ್ಪಾ ಹೆಲ್ವೊಲಾ’ ಎಂದು ಹೆಸರಿಟ್ಟ. ವೆಸ್ಪಾ ಎಂದರೆ ಲ್ಯಾಟಿನ್ನಿನಲ್ಲಿ ಕಣಜ. ಅದು ಡೋರೈಲಸ್ ಗಂಡು. ಇನ್ನೂರಹನ್ನೆರಡು ವರ್ಷಗಳ ಬಳಿಕ ಹಳದೀಪುರದ ಜಗಲಿಯಲ್ಲಿ ನಾನು ಮಾಡಿದ್ದು ಅದೇ ತಪ್ಪು. ಈ ಸಂಗತಿ ಓದಿದಾಗ ಒಂದು ಕ್ಷಣ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಹೊಳೆಯಿತು, ಲಿನಿಯಸನ ಜಗಲಿಯಲ್ಲಿ ಶೇಂಗಾ ಕಿತ್ತ ಹುಡುಗನೊಬ್ಬನೂ ಇರಲಿಲ್ಲ.

1793ರಲ್ಲಿ ಫ್ಯಾಬ್ರಿಷಿಯಸ್ ಇದನ್ನು ಕಣಜದಿಂದ ಬಿಡಿಸಿ ಡೋರೈಲಸ್ ಎಂಬ ಹೊಸ ಕುಲ ಮಾಡಿದ. ಹಾಗೆಂದು ಇರುವೆಗಳ ಸಾಲಿಗೆ ಸೇರಿಸಿದ್ದೇನೂ ಅಲ್ಲ. ಮುಂದೆಯೂ ಬಹುಕಾಲ ವಿದ್ವಾಂಸರು ಇದನ್ನು ವೆಲ್ವೆಟ್ಟಿನಂಥ ರೋಮದ ಕಣಜಗಳ ನೆರೆಯಲ್ಲೇ ಕೂರಿಸಿದ್ದರು. 1835ರಲ್ಲಿ ವೆಸ್ಟ್‌ವುಡ್ ಎಂಬಾತ ಭಾರತದ ಒಂದು ಗಂಡನ್ನು ವರ್ಣಿಸಿ ಡೋರೈಲಸ್ ಓರಿಯೆಂಟಾಲಿಸ್ ಎಂದು ಕರೆದ. ಶೇಂಗಾ, ಬಟಾಟೆ ಮೊದಲಾದ ನೆಲದಡಿಯ ಬೆಳೆಗಳಿಗೆ ಹಾನಿ ಮಾಡುವ ಇರುವೆಯೆಂದು ಇಂದಿನ ಕೃಷಿ ಪುಸ್ತಕಗಳು ಹೇಳುವುದು ಇದನ್ನೇ. ಈ ಕುಲದ ಉಳಿದ ಇರುವೆಗಳು ಬೇಟೆಗಾರರೆಂದು ಹೆಸರಾದವು. ಇದೊಂದು ಗಡ್ಡೆ, ಬೇರು, ಕಾಳಿಗೆ ಬಾಯಿ ಹಾಕಲು ಕಲಿತಿದೆ. 1839ರಲ್ಲಿ ಅದೇ ವೆಸ್ಟ್‌ವುಡ್ ಕಣ್ಣಿಲ್ಲದ ಸಣ್ಣ ಇರುವೆಗಳಿಗೆ ಟಿಫ್ಲೋಪೋನ್ ಎಂಬ ಇನ್ನೊಂದು ಕುಲ ಸ್ಥಾಪಿಸಿದ. ಗ್ರೀಕಿನಲ್ಲಿ ಟಿಫ್ಲೋಸ್ ಎಂದರೆ ಕುರುಡು. ತಾನು ನಾಲ್ಕು ವರ್ಷ ಹಿಂದೆ ಹೆಸರಿಟ್ಟ ಹುಳುವಿನ ವರ್ಗದ ಹೆಣ್ಣುಗಳೇ ಇವೆಂದು ಅವನಿಗೆ ತಿಳಿಯಲಿಲ್ಲ. 1863ರಲ್ಲಿ ಜರ್ಮನಿಯ ಗೆರ್‌ಸ್ಟೆಕರ್ ಎಂಬಾತನಿಗೆ ಜಾವಾದಿಂದ ರೆಕ್ಕೆಯಿಲ್ಲದ, ಉಬ್ಬಿದ ಹೊಟ್ಟೆಯ ವಿಚಿತ್ರ ಹೆಣ್ಣೊಂದು ದೊರೆಯಿತು. ಅವನು ಅದಕ್ಕೆ ಡಿಕ್ಥಾಡಿಯಾ ಎಂಬ ಕುಲ ಮಾಡಿದ. ಅದು ರಾಣಿ. ಅಂದರೆ ಒಂದೇ ಮನೆಯ ಗಂಡಿಗೆ ಒಂದು ಹೆಸರು, ಕೆಲಸದವಳಿಗೆ ಒಂದು ಹೆಸರು, ತಾಯಿಗೆ ಒಂದು ಹೆಸರು. ಮೂವರಿಗೂ ಮೂರು ರೇಷನ್ ಕಾರ್ಡು!

ಈ ಗೋಜಲಿಗೆ ಕಾರಣವಿದೆ. ಇವೆಲ್ಲವೂ ಯುರೋಪಿನ ಕಪಾಟಿಗೆ ಬೇರೆಬೇರೆ ದಾರಿಯಲ್ಲಿ ಬಂದವು. ಗಂಡು ದೀಪಕ್ಕೆ ಬಂದು ಸಾಹೇಬರ ಊಟದ ಮೇಜಿನ ಮೇಲೆ ಬೀಳುತ್ತಿತ್ತು. ಅದನ್ನು ಸೂಜಿಗೆ ಚುಚ್ಚಿ ಕಳುಹಿಸುತ್ತಿದ್ದರು. ಕೆಲಸಗಾರ ಇರುವೆ ಮಣ್ಣಿನಡಿಯಲ್ಲಿ. ಅಗೆದವರಿಗೆ ಮಾತ್ರ ಕಾಣುವುದು. ರಾಣಿ ಅದಕ್ಕೂ ಆಳದಲ್ಲಿ. ಅಗೆಯುವವನು ಒಬ್ಬ, ದೀಪದ ಕೆಳಗೆ ಕೂರುವವನು ಇನ್ನೊಬ್ಬ, ಹೆಸರಿಡುವವನು ಮೂರನೆಯವನು. ಗಂಡಿರುವೆ ಯಾವ ಇರುವೆಯದೆಂದು ಖಚಿತವಾಗಿ ಹೇಳಬೇಕಾದರೆ ಅಂದಿನವರಿಗೆ ಇದ್ದದ್ದು ಒಂದೇ ದಾರಿ, ಒಂದೇ ಗೂಡಿನಲ್ಲಿ ಎರಡನ್ನೂ ಒಟ್ಟಿಗೆ ಕಂಡವರ ಮಾತು.

ಆಫ್ರಿಕದಲ್ಲಿ ಅಂಥ ಮಾತು ಹೇಳಿದವರು ಥಾಮಸ್ ಸ್ಯಾವೇಜ್ ಎಂಬ ಅಮೆರಿಕದ ಪಾದ್ರಿ. ಗೊರಿಲ್ಲದ ಮೊದಲ ವೈಜ್ಞಾನಿಕ ವರ್ಣನೆ 1847ರಲ್ಲಿ ಹೊರಬರಲು ಕಾರಣರಾದವರೂ ಇವರೇ. ದಂಡುಕಟ್ಟಿ ನಡೆಯುವ ಅಲ್ಲಿನ ಇರುವೆಗಳ ಸಾಲಿನಲ್ಲಿ ಡೋರೈಲಸ್ ಗಂಡುಗಳು ಸಾಗುತ್ತಿದ್ದುದನ್ನು ಅವರು 1849ರಲ್ಲಿ ವರದಿಮಾಡಿದರು. ಈ ಕುಲದ ರಾಣಿಗೆ ರೆಕ್ಕೆಯಿಲ್ಲ, ಅವಳು ಹಾರಿಬರಲಾರಳು. ಹಾರಿಬಂದ ಗಂಡು ಇನ್ನೊಂದು ದಂಡನ್ನು ಹುಡುಕಿಕೊಂಡು ಹೋಗಿ ಸೇರಬೇಕು, ಅಲ್ಲಿ ರೆಕ್ಕೆ ಕಳೆದುಕೊಳ್ಳಬೇಕು. ಅಳಿಯ ಮನೆಗೆ ಬರುವ ಪದ್ಧತಿ ಎನ್ನಬಹುದು.

ಭಾರತದಲ್ಲಿ ಇಂಥದೇ ಗಂಟನ್ನು ಬಿಡಿಸಿದ ಕಥೆ ನಮ್ಮ ಜಿಲ್ಲೆಯ ಅಂಚನ್ನು ಸವರಿಕೊಂಡೇ ಹೋಗುತ್ತದೆ. ಹಿರಿಯರಿಗೆ ಗೊತ್ತಿರುವಂತೆ ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆದ್ದರಿಂದ ಇಲ್ಲಿಗೆ ಬರುತ್ತಿದ್ದ ಅಧಿಕಾರಿಗಳು ಮುಂಬಯಿಯವರು. 1883ರಲ್ಲಿ ಆ ನಗರದಲ್ಲಿ ಎಂಟು ಮಂದಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲೊಬ್ಬರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್; ಇ.ಎಚ್.ಎ. ಎಂಬ ಮೂರಕ್ಷರದಲ್ಲಿ ಬರೆಯುತ್ತಿದ್ದವರು, ಸೊಸೈಟಿಯ ಮೊದಲ ಕಾರ್ಯದರ್ಶಿ. ಸಾತಾರೆಯಲ್ಲಿ 1851ರಲ್ಲಿ ಹುಟ್ಟಿದ ಇವರು ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ಕಾರವಾರಕ್ಕೆ ಬಂದರು. ಸಾಣಿಕಟ್ಟೆಯ ಉಪ್ಪುಂಡು ಬೆಳೆದ ನಮಗೆ ಆ ಇಲಾಖೆ ಅಪರಿಚಿತವಲ್ಲ. ಸುಂಕದವರೆಂದರೆ ಜನಕ್ಕೆ ಪ್ರೀತಿ ಕಡಿಮೆ. ಆದರೆ ಈ ಸುಂಕದವರು ನಮ್ಮ ಕಾಡುಗದ್ದೆಗಳಿಂದ ವಸೂಲು ಮಾಡಿದ್ದು ಹೆಚ್ಚಾಗಿ ಚಿಟ್ಟೆ, ಹುಳು, ಇರುವೆಗಳನ್ನು. ಜಿಲ್ಲೆಯ ಕಲೆಕ್ಟರಾಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್ ಇವರೊಡಗೂಡಿ ಏಟ್ಕೆನ್ ಉತ್ತರ ಕನ್ನಡದ ಚಿಟ್ಟೆಗಳ ಕುರಿತು ಬರೆದ ಲೇಖನಮಾಲೆ 1890ರ ದಶಕದಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಚಗಳಿಗಳ ಗೂಡಿನ ಬಗ್ಗೆ ಅವರ ಟಿಪ್ಪಣಿಯೊಂದು 1890ರಲ್ಲೇ ಬಂದಿತ್ತು. ಚಗಳಿಗೆ ಎರಡು ದಂಡೆಗಳ ಎಲೆ ಎಳೆದು ಹಿಡಿಯುವ ಕಲೆ ಗೊತ್ತಿರುವುದು ನಮ್ಮಲ್ಲಿ ತೋಟಕ್ಕೆ ಹೋದ ಮಕ್ಕಳೆಲ್ಲರಿಗೂ ಗೊತ್ತು, ಕಚ್ಚಿಸಿಕೊಂಡು ಕಲಿತದ್ದಾದರೂ ಸರಿಯೆ. ಆದರೆ ಬರೆದಿಟ್ಟವರು ನಾವಲ್ಲ.

ಏಟ್ಕೆನ್ ಕನ್ನಡ ಜಿಲ್ಲೆಯಲ್ಲಿ ಹಿಡಿದ ಇರುವೆಗಳು ಸ್ವಿಟ್ಜರ್ಲೆಂಡಿನ ಆಗಸ್ಟ್ ಫೊರೆಲ್ ಎಂಬವರ ಕೈಸೇರಿದವು. ಈ ಫೊರೆಲ್ ವೃತ್ತಿಯಲ್ಲಿ ಮನೋವೈದ್ಯರು, ಝೂರಿಕ್ಕಿನ ದೊಡ್ಡ ಮಾನಸಿಕ ಆಸ್ಪತ್ರೆಯ ನಿರ್ದೇಶಕರು. ಪ್ರವೃತ್ತಿಯಲ್ಲಿ ಇರುವೆಗಳ ಪಂಡಿತರು. ಅವರ ದೇಶ ಮುಂದೆ ಸಾವಿರ ಫ್ರಾಂಕಿನ ನೋಟಿನ ಮೇಲೆ ಅವರ ಮುಖವನ್ನೂ ಬೆನ್ನಿಗೆ ಇರುವೆಗಳನ್ನೂ ಅಚ್ಚುಹಾಕಿತು. ನೋಟಿನಲ್ಲಿ ಇರುವೆಗೆ ಜಾಗ ಕೊಟ್ಟ ದೇಶ ಬೇರೆ ಯಾವುದಿದೆಯೋ ನಾನರಿಯೆ. ಫೊರೆಲ್ ತಮಗೆ ಇರುವೆ ಕಳುಹಿಸಿದವರ ಋಣವನ್ನು ಹೆಸರಿನ ಮೂಲಕ ತೀರಿಸುತ್ತಿದ್ದರು: 1901ರ ಈನಿಕ್ಟಸ್ ಏಟ್ಕೆನೀ, 1902ರ ಕ್ರೆಮಾಟೊಗ್ಯಾಸ್ಟರ್ ಏಟ್ಕೆನೀ, ಹೀಗೆ.

ಆದರೆ ಗಂಡಿರುವೆಯ ಒಗಟು ಬಿಡಿಸಿದ ಕೀರ್ತಿ ಇನ್ನೊಬ್ಬರದು. ರಾಬರ್ಟ್ ಚಾರ್ಲ್ಸ್ ರಾಟನ್, 1871ರಲ್ಲಿ ಅರಣ್ಯ ಸೇವೆಗೆ ಸೇರಿ ಮುಂಬಯಿ ಪ್ರಾಂತದಲ್ಲಿ ದುಡಿದವರು. ಅವರ ಮುಂದಿದ್ದ ಗಂಟು ಡೋರೈಲಸ್‌ನದಲ್ಲ, ಅದರ ದಾಯಾದಿಯಾದ ಈನಿಕ್ಟಸ್‌ನದು. 1840ರಲ್ಲಿ ಶುಕಾರ್ಡ್ ಎಂಬ ಆಂಗ್ಲ ವಿದ್ವಾಂಸ ಭಾರತದಿಂದ ಬಂದ ಚಿಕ್ಕದೊಂದು ರೆಕ್ಕೆಯ ಗಂಡನ್ನು ನೋಡಿ ಈನಿಕ್ಟಸ್ ಎಂಬ ಕುಲವನ್ನು ಸ್ಥಾಪಿಸಿದ್ದ. ಅದರ ಹೆಣ್ಣನ್ನು ಕಂಡವರಿಲ್ಲ. 1857ರಲ್ಲಿ ಫ್ರೆಡರಿಕ್ ಸ್ಮಿತ್ ಎಂಬವರು ಬೋರ್ನಿಯೋದ ಕುರುಡು ಇರುವೆಯೊಂದಕ್ಕೆ ಟಿಫ್ಲಾಟಾ ಎಂಬ ಕುಲ ಮಾಡಿದ್ದರು. ಅದರ ಗಂಡನ್ನು ಕಂಡವರಿಲ್ಲ. ಒಂದು ಕುಲದಲ್ಲಿ ಬರೀ ಗಂಡಸರು, ಇನ್ನೊಂದರಲ್ಲಿ ಬರೀ ಹೆಂಗಸರು, ಹೀಗೆ ಪುಸ್ತಕದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬೇರೆಬೇರೆ ಪುಟಗಳಲ್ಲಿ ಬಾಳಿದರು.

ಅವರನ್ನು ಒಂದುಗೂಡಿಸುವುದು ಯಾಕೆ ಕಷ್ಟವಾಗಿತ್ತೆಂದು ಮೈಕಟ್ಟನ್ನು ನೋಡಿದರೆ ತಿಳಿಯುತ್ತದೆ. ಕೆಲಸಗಾರ ಇರುವೆಯ ಸೊಂಟದಲ್ಲಿ ಎರಡು ಗಂಟು, ಗಂಡಿನದರಲ್ಲಿ ಒಂದೇ ಒಂದು. ಅವಳ ಕುಡಿಮೀಸೆಗೆ ಸಾಮಾನ್ಯವಾಗಿ ಹತ್ತು ಗೆಣ್ಣು, ಅವನದಕ್ಕೆ ಹದಿಮೂರು. ಅವಳಿಗೆ ಕಣ್ಣಿಲ್ಲ, ಅವನಿಗೆ ತಲೆಯ ಬದಿಗಳನ್ನು ತುಂಬುವಷ್ಟು ಕಣ್ಣು. ಇರುವೆಗಳನ್ನು ವರ್ಗೀಕರಿಸುವವರು ಮೊದಲು ನೋಡುವುದೇ ಸೊಂಟದ ಗಂಟನ್ನು, ಕುಡಿಮೀಸೆಯ ಗೆಣ್ಣನ್ನು. ಮೊದಲ ಎರಡು ಪ್ರಶ್ನೆಗಳಿಗೇ ಅಣ್ಣತಂಗಿಯರ ಉತ್ತರ ಬೇರೆಯಾದರೆ ಅವರನ್ನು ಒಂದೇ ಪುಟಕ್ಕೆ ತರುವವರು ಯಾರು? ಮ್ಯೂಸಿಯಮ್ಮಿನಲ್ಲಿ ಕುಳಿತು ಎಷ್ಟು ದಪ್ಪದ ಭೂತಗನ್ನಡಿ ಹಿಡಿದರೂ ಇದು ಬಗೆಹರಿಯುವಂಥದಲ್ಲ.

ರಾಟನ್ ಟಿಫ್ಲಾಟಾ ಇರುವೆಗಳನ್ನೂ ಈನಿಕ್ಟಸ್ ಗಂಡುಗಳನ್ನೂ ಜೊತೆಗೂಡಿಸಿದರು. ಆ ಮಾದರಿಗಳು ಫೊರೆಲರಿಗೆ ಹೋದವು. 1890ರಲ್ಲಿ ಬೆಲ್ಜಿಯಮ್ಮಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಫೊರೆಲ್ ಬರೆದ ಲೇಖನದ ತಲೆಬರಹವನ್ನು ಕನ್ನಡಕ್ಕೆ ತಂದರೆ ‘ಈನಿಕ್ಟಸ್-ಟಿಫ್ಲಾಟಾ: ಶ್ರೀ ರಾಟನ್ನರ ಶೋಧ’ ಎಂದಾಗುತ್ತದೆ. ಎರಡು ಕುಲಗಳು ಒಂದಾದವು. ಮೊದಲು ಬಂದ ಹೆಸರು ಉಳಿಯಬೇಕೆಂಬ ನಿಯಮದಂತೆ ಈನಿಕ್ಟಸ್ ಉಳಿಯಿತು, ಟಿಫ್ಲಾಟಾ ಅಳಿಯಿತು. ಅದೇ ಲೇಖನದಲ್ಲಿ ಫೊರೆಲ್ ಒಂದು ಪ್ರಭೇದದ ಹೆಣ್ಣು ಗಂಡು ಎರಡನ್ನೂ ಒಟ್ಟಿಗೆ ವರ್ಣಿಸಿ ಈನಿಕ್ಟಸ್ ರಾಟನೀ ಎಂದು ಹೆಸರಿಟ್ಟರು. ನನಗೆ ಮೆಚ್ಚಿಗೆಯಾದದ್ದು ಆ ತಲೆಬರಹ. ಜಗತ್ತಿನ ದೊಡ್ಡ ವಿದ್ವಾಂಸನೊಬ್ಬ ಕಾಡಿನ ಅಧಿಕಾರಿಯ ಕಣ್ಣಿಗೆ ಬಿದ್ದದ್ದನ್ನು ನಂಬಿದ; ನಂಬಿದ್ದಷ್ಟೇ ಅಲ್ಲ, ಶೋಧ ಯಾರದೆಂಬುದನ್ನು ಲೇಖನದ ನೆತ್ತಿಯಲ್ಲೇ ಬರೆದ.

ರಾಟನ್ 1892ರಲ್ಲಿ ‘ನಮ್ಮ ಇರುವೆಗಳು’ ಎಂಬರ್ಥದ ತಲೆಬರಹ ಕೊಟ್ಟು ಮುಂಬಯಿಯ ಪತ್ರಿಕೆಯಲ್ಲಿ ಎರಡು ಕಂತುಗಳ ಲೇಖನ ಬರೆದರು. ನಿವೃತ್ತಿಯ ಅನಂತರ ಇರುವೆಗಳನ್ನು ಬಿಟ್ಟು ಸಸ್ತನಿಗಳ ಬೆನ್ನು ಹತ್ತಿದರು. 1911ರಲ್ಲಿ ಆರಂಭವಾದ ಭಾರತದ ಸಸ್ತನಿ ಸಮೀಕ್ಷೆಯ ಹಿಂದೆ ಅವರ ದುಡಿಮೆಯಿದೆ. 1903ರಲ್ಲಿ ಬಿಂಗ್‌ಹ್ಯಾಮ್ ಬರೆದ ಬ್ರಿಟಿಷ್ ಇಂಡಿಯಾದ ಇರುವೆಗಳ ಸಂಪುಟ ಪ್ರಕಟವಾಯಿತು. ಸೈನಿಕರಾಗಿ ಬಂದು ಬರ್ಮಾದ ಅರಣ್ಯ ಇಲಾಖೆ ಸೇರಿದ್ದವರು ಅವರು. ಕೆಲಸಗಾರ, ರಾಣಿ, ಗಂಡು ಎಂದು ಮೂರನ್ನೂ ಬೇರೆಬೇರೆ ವರ್ಣಿಸುವುದು ಆ ಪುಸ್ತಕದ ಕ್ರಮ. ಎಷ್ಟೋ ಪ್ರಭೇದಗಳಲ್ಲಿ ಗಂಡಿನ ಜಾಗ ಖಾಲಿ. ನಾನು ಡೋರೈಲಸ್ ಗಂಡಿನ ವರ್ಣನೆ ಓದಿ ಬೆಚ್ಚಿಬಿದ್ದದ್ದು ಅದರಲ್ಲಿಯೇ.

ಆ ಖಾಲಿ ಜಾಗ ತುಂಬಲು ಬಹುಕಾಲ ಹಿಡಿಯಿತು, ಇನ್ನೂ ಪೂರ್ತಿ ತುಂಬಿಲ್ಲ. ಅಮೆರಿಕದ ವಿಲ್ಸನ್ 1964ರಲ್ಲಿ ಏಷ್ಯದ ದಂಡಿರುವೆಗಳನ್ನು ಪರಿಷ್ಕರಿಸಿದಾಗಲೂ ಗಂಡಿನ ಮೇಲಷ್ಟೇ ನಿಂತ ಈನಿಕ್ಟಸ್ ಹೆಸರುಗಳು ಅನೇಕ ಉಳಿದುಕೊಂಡಿದ್ದವು. ಜಗತ್ತಿನ ಇರುವೆ ಕುಲಗಳನ್ನು ಗುರುತಿಸಲು ಬ್ಯಾರಿ ಬೋಲ್ಟನ್ 1994ರಲ್ಲಿ ಕೊಟ್ಟ ಪ್ರಸಿದ್ಧ ಕೈಪಿಡಿ ಕೆಲಸಗಾರ ಇರುವೆಯನ್ನು ಆಧರಿಸಿದ್ದು. ನಮ್ಮ ರಾಜ್ಯದ ಇರುವೆಗಳ ಪಟ್ಟಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿಯವರು 1990ರ ದಶಕದ ಆರಂಭದಲ್ಲಿ ಪ್ರಕಟಿಸಿದರು. 2006ರಲ್ಲಿ ಅಜಯ್ ನರೇಂದ್ರ, ಸುನಿಲ್ ಕುಮಾರ್ ಅವರ ಕೈಪಿಡಿ ಬಂತು. ಅಂಗಳದಲ್ಲಿ ಓಡಾಡುವ ಇರುವೆಯನ್ನು ಹೆಸರಿಸಲು ಇವುಗಳಿಂದ ದಾರಿಯಾಯಿತು. ಗಂಡನ್ನು ಮಾತ್ರ ಕೈಯಲ್ಲಿಟ್ಟುಕೊಂಡು, ಗೂಡು ಕಾಣದೆ, ಯಾವ ಉಪಕುಟುಂಬದ್ದೆಂದು ಹೇಳಬಲ್ಲ ಜಗತ್ತಿಗೆಲ್ಲ ಅನ್ವಯಿಸುವ ಮೊದಲ ಕೀಲಿಕೈ ಬಂದದ್ದು 2015ರಲ್ಲಿ, ಬೂಡಿನೊ ಎಂಬ ತರುಣ ವಿಜ್ಞಾನಿಯಿಂದ. ಲಿನಿಯಸನಿಂದ ಎಣಿಸಿದರೆ ಇನ್ನೂರೈವತ್ತೊಂದು ವರ್ಷ. ಈಗ ವಂಶವಾಹಿಯ ಪರೀಕ್ಷೆಯಿಂದಲೂ ಗಂಡನ್ನು ಅದರ ಗೂಡಿಗೆ ಸೇರಿಸಬಹುದು. ಒಂದು ಕಾಲು ಸಾಕಂತೆ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬರಿಂದ ಆ ಹುಡುಗನ ದೂರವಾಣಿ ಸಂಖ್ಯೆ ಪಡೆದೆ. ಹುಡುಗ ಎನ್ನುತ್ತೇನೆ, ಅವನಿಗೂ ಮೊಮ್ಮಕ್ಕಳಿದ್ದಾರೆ. ನನ್ನ ದನಿ ಗುರುತಿಸಿ ಗಾಬರಿಯಾದ; ಮಾಸ್ತರರಿಗೆ ಏನೋ ಆಯಿತೆಂದುಕೊಂಡನೋ ಏನೋ. ನಾನು ಜಗಲಿ, ದೀಪ, ಹುಳು ಎಲ್ಲವನ್ನೂ ನೆನಪಿಸಿ, ಅಂದು ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಬಹಳ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ, “ಅದರ ಹಿಂದೆ ಬಾಲದ ಕೆಳಗೆ ಕವಲು ಇತ್ತಲ್ರ ಮಾಸ್ತರ್ರೇ, ನೀವು ಅದು ನೋಡ್ಲೇ ಇಲ್ಲ” ಎಂದ. ಕವಲೊಡೆದ ತಟ್ಟೆಯ ಸಂಗತಿಯನ್ನು ನಾನಿನ್ನೂ ಅವನಿಗೆ ಹೇಳಿರಲಿಲ್ಲ.

ಅವನು ಈಗ ಶೇಂಗಾ ಹಾಕುವುದಿಲ್ಲ. ಆಳು ಸಿಗುವುದಿಲ್ಲ, ನವಿಲು, ಹಂದಿ ಬಿಡುವುದಿಲ್ಲ ಎಂದ. ಮಣ್ಣಿನಡಿಯ ಇರುವೆಗಳು ತೆಂಗಿನ ಸಸಿಯ ಬುಡದಲ್ಲಿ ಕಾಣುತ್ತವಂತೆ. ದೀಪಕ್ಕೆ ಆ ಹುಳು ಬಂದರೆ ಒಂದನ್ನು ಹಿಡಿದು, ಚಿಕ್ಕ ಶೀಶೆಯಲ್ಲಿ ಸ್ಪಿರಿಟ್ಟು ಹಾಕಿ ಇಡು ಎಂದು ಕೇಳಿಕೊಂಡೆ. ಹೋದ ಮಳೆಗಾಲದಲ್ಲಿ, ಹಳದೀಪುರದಿಂದ ಬೆಂಗಳೂರಿಗೆ ಬರುತ್ತಿದ್ದ ಸಂಬಂಧಿಕರ ಕೈಯಲ್ಲಿ ಅರಿಸಿನದ ಡಬ್ಬದೊಳಗೆ ಹತ್ತಿ ಸುತ್ತಿದ ಶೀಶೆಯ ಎರಡು ಜೋಡಿ ಬಂದವು. ಒಂದರಲ್ಲಿ ರೆಕ್ಕೆಯ ಹುಳು. ಇನ್ನೊಂದರಲ್ಲಿ ನಾನು ಕೇಳದೆಯೇ ಅವನು ಹಾಕಿಟ್ಟಿದ್ದ ತೆಂಗಿನ ಬುಡದ ಏಳೆಂಟು ಕೆಂಪಿರುವೆ.

ನನ್ನ ಕಣ್ಣು ಈಗ ಸಾಲದು. ಮೊಮ್ಮಗಳು ಹುಳುವನ್ನು ಬಿಳಿ ತಟ್ಟೆಯ ಮೇಲೆ ಮಲಗಿಸಿ ಭೂತಗನ್ನಡಿ ಹಿಡಿದಳು. ನೆತ್ತಿಯ ಮೂರು ಕಣ್ಣು ಸಿಕ್ಕವು. ಕುಡುಗೋಲಿನ ದವಡೆ, ಸೊಂಟದ ಒಂದೇ ಗಂಟು, ಬಾಲದ ಕೆಳಗಿನ ಕವಲು ಎಲ್ಲ ಸಿಕ್ಕಿತು. ಕುಡಿಮೀಸೆಯ ಗೆಣ್ಣುಗಳನ್ನು ಎಣಿಸಿ “ಹನ್ನೆರಡು ಅಜ್ಜ” ಎಂದಳು. ಬುಡದಲ್ಲಿ ಮೋಟು ಗೆಣ್ಣೊಂದು ಅಡಗಿರುತ್ತದೆ, ಸೂಜಿಯಲ್ಲಿ ಮೆಲ್ಲಗೆ ಸರಿಸಿ ನೋಡು ಎಂದೆ. ಇನ್ನೊಮ್ಮೆ ಎಣಿಸಿದಳು. ಹದಿಮೂರು.

ಮ್ಯೂಸಿಯಮ್ಮುಗಳ ಕ್ರಮದಂತೆ ಶೀಶೆಗೆ ಒಂದು ಚೀಟಿ ಬರೆಸಿದೆ: ಡೋರೈಲಸ್, ಗಂಡು, ಹಳದೀಪುರ, ಹೊನ್ನಾವರ ತಾಲೂಕು, ಮನೆಯ ದೀಪಕ್ಕೆ ಬಂದದ್ದು, ದಿನಾಂಕ. ಸಂಗ್ರಾಹಕರು ಎಂಬಲ್ಲಿ ಅವನ ಪೂರ್ಣ ಹೆಸರನ್ನು ನಾನೇ ನನ್ನ ಕೈಯಿಂದ ಬರೆದೆ.